ಕಾವಲು, ಕೆರೆ, ಹಟ್ಟಿ: ನೆಲದ ಅರಿವು ವಿಶ್ವವಿದ್ಯಾಲಯಕ್ಕೆ ಬಂದಾಗ

ಚಿಕ್ಕಮಗಳೂರು ಜಿಲ್ಲೆ ಎಂದರೆ ಹೊರಗಿನವರಿಗೆ ಕಾಫಿ, ಮಂಜು, ಗಿರಿ. ಅದೇ ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಬದುಕು ಬೇರೆ. ಮುಂಗಾರಿನ ಮೋಡ ಬಾಬಾಬುಡನ್ ಗಿರಿಸಾಲಿನ ಆಚೆಗೇ ಸುರಿದು ಬರಿದಾಗುವುದರಿಂದ ಕಡೂರು ಮಳೆನೆರಳಿನ ಸೀಮೆ. ತರೀಕೆರೆಯ ಒಂದು ಮಗ್ಗುಲಿಗೆ ಭದ್ರಾ ಕಾಡು, ಇನ್ನೊಂದು ಮಗ್ಗುಲಿಗೆ ಬಯಲು. ತರೀಕೆರೆಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ಅಜ್ಜಂಪುರ ಹುಲ್ಲುಗಾವಲಿಗೂ ದನಕ್ಕೂ ಹೆಸರಾದ ನೆಲ. ನೀರು ಕಡಿಮೆ ಇರುವಲ್ಲಿ ಮನುಷ್ಯ ಬದುಕಬೇಕಾದರೆ ಮಳೆಯನ್ನು ಲೆಕ್ಕ ಹಾಕಲು, ಕೆರೆ ಕಟ್ಟಲು, ದನ ಸಾಕಲು ಚೆನ್ನಾಗಿ ಕಲಿತಿರಬೇಕು. ಇಲ್ಲಿಯ ಜನ ಕಲಿತಿದ್ದಾರೆ. ಆ ಕಲಿಕೆಯ ಬಹುಪಾಲು ಪುಸ್ತಕದಲ್ಲಿಲ್ಲ. ಕೆರೆಯ ನೀರು ಹಂಚುವ ನೀರುಗಂಟಿಯ ಕೈಯಲ್ಲಿ, ದನಗಾಹಿಯ ಕಣ್ಣಲ್ಲಿ, ಹಟ್ಟಿಯ ಅಜ್ಜಿಯರ ನಾಲಿಗೆಯ ಮೇಲೆ ಇದೆ. ಅದನ್ನು ವಿಶ್ವವಿದ್ಯಾಲಯಗಳು ಓದಲು ತೊಡಗಿದ್ದು ಹೇಗೆ, ಏನನ್ನು ಬಿಟ್ಟುಬಿಟ್ಟವು, ಇಂದಿನ ವಿದ್ಯಾರ್ಥಿಗೆ ಯಾವ ದಾರಿಗಳಿವೆ ಎಂಬುದು ಈ ಲೇಖನದ ವಿಷಯ.

ಕಡೂರು ಜಿಲ್ಲೆಯ ಮೊದಲ ದಾಖಲೆಗಳು

1947ರವರೆಗೆ ಇಡೀ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ 6ನೆಯ ಸಂಪುಟ 1901ರಲ್ಲಿ ಆ ಹೆಸರಿನಲ್ಲೇ ಹೊರಬಂತು. ಈ ಸೀಮೆಯ ಕಲ್ಲುಬರಹಗಳು ಒಂದು ಕಡೆ ಸೇರಿದ್ದು ಅದರಲ್ಲಿ. ದಾನ, ದತ್ತಿ, ಕೆರೆ, ವೀರಗಲ್ಲು, ತುರುಗಾಳಗ ಎಲ್ಲವೂ ಶಾಸನಗಳಲ್ಲಿ ಸಿಗುತ್ತವೆ. ಆದರೆ ಕಲ್ಲಿನ ಮೇಲೆ ಬರೆಸುವ ಶಕ್ತಿ ಇದ್ದವರ ಮಾತು ಮಾತ್ರ ಹೀಗೆ ಉಳಿಯಿತು ಎಂಬುದನ್ನು ಓದುಗ ಮರೆಯಬಾರದು. ತರೀಕೆರೆಯ ಬಳಿಯ ಅಮೃತಾಪುರದಲ್ಲಿ 1196ರಲ್ಲಿ ಅಮೃತೇಶ್ವರ ಗುಡಿ ಕಟ್ಟಿಸಿದ ದಂಡನಾಯಕನ ಹೆಸರು ನಮಗೆ ಗೊತ್ತು. ಆ ಕಾಲದಲ್ಲಿ ಅದೇ ಬಯಲಲ್ಲಿ ದನ ಮೇಯಿಸುತ್ತಿದ್ದವರ ಹೆಸರು ಗೊತ್ತಿಲ್ಲ.

ಜನರ ಬದುಕನ್ನೇ ಬರೆದಿಡುವ ಕೆಲಸ ಮೈಸೂರು ಸಂಸ್ಥಾನದಲ್ಲಿ ಎಚ್.ವಿ. ನಂಜುಂಡಯ್ಯನವರಿಂದ ದೊಡ್ಡ ಪ್ರಮಾಣದಲ್ಲಿ ಶುರುವಾಯಿತು. ಮದುವೆ, ಸಾವು, ಬೆಡಗು, ದೇವರು, ಕಸುಬು ಎಂದು ಒಂದೊಂದು ಜನವರ್ಗದ ವಿವರವನ್ನೂ ಅವರು ಕೂಡಿಹಾಕಿಸಿದರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಮೊದಲ ಕುಲಪತಿಯಾದವರೂ ಅವರೇ. ಅವರು ಬಿಟ್ಟುಹೋದ ಸಾಮಗ್ರಿಯನ್ನು ಎಲ್.ಕೆ. ಅನಂತಕೃಷ್ಣ ಅಯ್ಯರ್ ಪೂರ್ತಿಗೊಳಿಸಿ, ವಿಶ್ವವಿದ್ಯಾಲಯವೇ 1928ರಿಂದ 1935ರ ನಡುವೆ ‘ದಿ ಮೈಸೂರ್ ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್’ ಎಂದು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಜನರ ಸಂಸ್ಕೃತಿಯ ಅಧ್ಯಯನ ನಮ್ಮ ವಿಶ್ವವಿದ್ಯಾಲಯಗಳಿಗೆ ತಡವಾಗಿ ಬಂದ ಅತಿಥಿಯೇನಲ್ಲ, ಮೊದಲ ದಿನದಿಂದಲೇ ಅಲ್ಲಿತ್ತು. ಆದರೆ ಆ ಬರವಣಿಗೆ ಇಂಗ್ಲಿಷಿನಲ್ಲಿತ್ತು, ಆಳುವವರ ಅಗತ್ಯಕ್ಕಾಗಿ ನಡೆದಿತ್ತು. ಯಾರ ಬಗ್ಗೆ ಬರೆದರೋ ಅವರಲ್ಲಿ ಅದನ್ನು ಓದಬಲ್ಲವರು ಬಹಳ ಕಡಿಮೆ.

ಕನ್ನಡದಲ್ಲಿ ಓದುವ ಕಾಲ

ಈ ಓದು ಕನ್ನಡಕ್ಕೆ ಬಂದದ್ದು ಹಾಡಿನ ದಾರಿಯಿಂದ. 1930ರ ದಶಕದಲ್ಲಿ ಅರ್ಚಕ ಬಿ. ರಂಗಸ್ವಾಮಿ, ಗೊರೂರು ರಾಮಸ್ವಾಮಿ ಅಯ್ಯಂಗಾರ್ ಮುಂತಾದವರು ಹಳ್ಳಿಯ ಪದಗಳನ್ನು ಸಂಗ್ರಹಿಸಿ ಅಚ್ಚು ಮಾಡಿಸಿದರು. ಮೈಸೂರಿನಲ್ಲಿ 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಹುಟ್ಟಿತು, ದೇ. ಜವರೇಗೌಡರ ಬೆಂಬಲ, ಜೀ.ಶಂ. ಪರಮಶಿವಯ್ಯನವರ ಸುತ್ತಾಟ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರ ಕಣ್ಣು ಕೂಡಿ ಜಾನಪದ ವಸ್ತುಸಂಗ್ರಹಾಲಯ ತಲೆಯೆತ್ತಿತು. ಮಾನಸ ಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಅದರ ನೆಲೆಯಾಯಿತು. 1991ರಲ್ಲಿ ಚಂದ್ರಶೇಖರ ಕಂಬಾರರ ಮುಂದಾಳತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹುಟ್ಟಿ, ಬುಡಕಟ್ಟು ಅಧ್ಯಯನಕ್ಕೆಂದೇ ಒಂದು ವಿಭಾಗ ಬಂತು. 2011ರಲ್ಲಿ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಂಬಳಿಕೆ ಹಿರಿಯಣ್ಣ ಅದರ ಮೊದಲ ಕುಲಪತಿ.

ಹಂಪಿಯ ವಿಶ್ವವಿದ್ಯಾಲಯದ ಒಂದು ನಡೆಯನ್ನು ವಿಶೇಷವಾಗಿ ನೆನೆಯಬೇಕು. ಅದು ಕೊಡುವ ನಾಡೋಜ ಗೌರವ ಪಂಡಿತರಿಗೆ ಮಾತ್ರ ಮೀಸಲಾಗಲಿಲ್ಲ. ಅಕ್ಷರ ಕಲಿಯದೆ ನೆನಪಿನಿಂದಲೇ ದೊಡ್ಡ ದೊಡ್ಡ ಕಾವ್ಯಗಳನ್ನು ಹಾಡುತ್ತಿದ್ದ ಬುರ್ರಕಥೆಯ ದರೋಜಿ ಈರಮ್ಮನವರಿಗೂ ಅದು ಸಂದಿತು. ಪದವಿ ಕೊಡುವ ಸಂಸ್ಥೆಯೊಂದು ಪದ ಹಾಡುವ ತಾಯಿಯನ್ನು ವಿದ್ವಾಂಸರ ಸಾಲಿನಲ್ಲಿ ಕೂರಿಸಿದ್ದು ಸಣ್ಣ ಸಂಗತಿಯಲ್ಲ. ಆದರೂ ಗೌರವ ಕೊಡುವುದು ಒಂದು, ಪಾಠ ಹೇಳಲು ಕರೆಯುವುದು ಇನ್ನೊಂದು. ಎರಡನೆಯದು ನಮ್ಮಲ್ಲಿ ಇನ್ನೂ ವಿರಳ.

ಶಂಕರಘಟ್ಟ

ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಮಕ್ಕಳಿಗೆ ಹತ್ತಿರದ್ದು ಕುವೆಂಪು ವಿಶ್ವವಿದ್ಯಾಲಯ. ಮೈಸೂರು ವಿಶ್ವವಿದ್ಯಾಲಯದ ಬಿ.ಆರ್. ಪ್ರಾಜೆಕ್ಟ್ ಸ್ನಾತಕೋತ್ತರ ಕೇಂದ್ರವೇ ಬೆಳೆದು 1987ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಅದರ ಜ್ಞಾನ ಸಹ್ಯಾದ್ರಿ ಆವರಣಕ್ಕೆ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಕೂಗಳತೆಯಷ್ಟು ಹತ್ತಿರ. ಅಲ್ಲಿನ ಕನ್ನಡ ಭಾರತಿ ವಿಭಾಗ ಕನ್ನಡ ಎಂ.ಎ. ಓದಿನ ಜೊತೆಗೆ ಜಾನಪದವನ್ನೂ ಓದಿಸುತ್ತದೆ. ಸಸ್ಯಶಾಸ್ತ್ರದವರು ನಾಟಿ ವೈದ್ಯರ ಗಿಡಮೂಲಿಕೆಗಳ ಹಿಂದೆ ಬಿದ್ದಿದ್ದಾರೆ. ದನದ ವಿಷಯ ಕೇಳಬೇಕಾದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೋಗಬೇಕು. ಅದು ಬೀದರಿನ ಪಶು ವಿಶ್ವವಿದ್ಯಾಲಯದ ಅಂಗ. ಬೆಳೆ, ಬಿತ್ತನೆ ಬೀಜದ ವಿಷಯ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದ್ದು.

ಒಬ್ಬ ದನಗಾಹಿಯ ತಲೆಯಲ್ಲಿ ಹುಲ್ಲು, ಮಳೆ, ರೋಗ, ದೇವರು, ಪದ ಎಲ್ಲವೂ ಒಂದೇ ಅರಿವಾಗಿ ಕೂಡಿಕೊಂಡಿರುತ್ತವೆ. ವಿಶ್ವವಿದ್ಯಾಲಯ ಅದನ್ನು ಮೂರು ಸಂಸ್ಥೆಗಳಿಗೆ, ಐದಾರು ವಿಭಾಗಗಳಿಗೆ ಹಂಚಿಬಿಡುತ್ತದೆ. ಕನ್ನಡ ವಿಭಾಗದ ವಿದ್ಯಾರ್ಥಿ ಪದ ಬರೆದುಕೊಂಡು ಹುಲ್ಲನ್ನು ಬಿಡುತ್ತಾನೆ, ಸಸ್ಯಶಾಸ್ತ್ರದವಳು ಹುಲ್ಲನ್ನು ಒಣಗಿಸಿ ಅಂಟಿಸಿಕೊಂಡು ಪದವನ್ನು ಬಿಡುತ್ತಾಳೆ. ಈ ಸೀಮೆಯ ಅಧ್ಯಯನಗಳ ದೊಡ್ಡ ಕೊರತೆ ಇದೇ ಎಂದು ನನ್ನ ಖಚಿತ ಅಭಿಪ್ರಾಯ. ಅಜ್ಜಂಪುರದ ಕಾವಲನ್ನು, ಅಂದರೆ ದನಕ್ಕೆಂದು ಕಾಯ್ದಿಟ್ಟ ಹುಲ್ಲುಗಾವಲನ್ನು, ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ.

ಅಮೃತ ಮಹಲ್ ಕಾವಲು

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಬೆಣ್ಣೆ ಚಾವಡಿ ಎಂಬ ಇಲಾಖೆ ಇತ್ತು. ಟಿಪ್ಪು ಸುಲ್ತಾನ್ ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳ ಬಳಿಗಳಿಂದ ಬೆಳೆದ ಈ ತಳಿ ಹಾಲಿಗಿಂತ ನಡಿಗೆಗೆ ಹೆಸರಾಯಿತು. ಹೈದರಾಲಿಯ ಸೈನ್ಯದ ವೇಗಕ್ಕೂ, ಟಿಪ್ಪುವಿನ ಫಿರಂಗಿ ಬಂಡಿಗಳಿಗೂ ಈ ಎತ್ತುಗಳೇ ಬಲ. 1799ರ ನಂತರ ಬ್ರಿಟಿಷರು ಈ ದನಗಳನ್ನು ತಮ್ಮ ಸೈನ್ಯಕ್ಕೆ ಬಳಸಿಕೊಂಡರು. 1860ರಲ್ಲಿ ಖರ್ಚು ಉಳಿಸಲು ಹಿಂಡುಗಳನ್ನು ಮಾರಿ ಚದುರಿಸಿದರು. ಆದ ನಷ್ಟ ಅರಿವಾಗಿ 1866ರಲ್ಲಿ ಮತ್ತೆ ಕೂಡಿಸಬೇಕಾಯಿತು. ಇಲಾಖೆ ಮುಚ್ಚಿದ್ದ ಆ ವರ್ಷಗಳಲ್ಲಿ ತಳಿ ಉಳಿದದ್ದು ದನ ಬಲ್ಲವರು ಊರೂರಲ್ಲಿ ಉಳಿದಿದ್ದರಿಂದ.

ಇಷ್ಟು ಚರಿತ್ರೆ ಯಾವ ಗೆಜೆಟಿಯರಿನಲ್ಲಾದರೂ ಸಿಗುತ್ತದೆ. ಅದರ ಹಿಂದಿನ ಮೇವಿನ ವಿದ್ಯೆ ಇದಕ್ಕಿಂತ ಹೆಚ್ಚು ಓದಬೇಕಾದದ್ದು. ಹಿಂಡುಗಳು ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಕಾವಲುಗಳಲ್ಲಿ ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂಬ ಮೂರು ಬಗೆ ಇದ್ದವು. ಬೇಸಿಗೆಯಲ್ಲಿ ನೀರು ನೆರಳು ಇರುವಲ್ಲಿಗೆ, ಮಳೆಗಾಲದಲ್ಲಿ ಒಣ ಬಯಲಿಗೆ, ಚಳಿಗಾಲದಲ್ಲಿ ಹುಲ್ಲು ಬಲಿತು ನಿಂತಲ್ಲಿಗೆ ದನ ನಡೆಯುತ್ತಿತ್ತು. ಮೇದ ಹುಲ್ಲು ಮತ್ತೆ ಚಿಗುರಲು ಬಿಡುವು ಸಿಗುತ್ತಿತ್ತು. ಹುಲ್ಲುಗಾವಲಿನ ಪರಿಸರ ವಿಜ್ಞಾನ ಇಂದು ಸರದಿ ಮೇವು ಎಂದು ಕಲಿಸುವ ಪಾಠವನ್ನು ಇಲ್ಲಿನ ದನಗಾಹಿಗಳು ನಡೆದು ತೋರಿಸಿದ್ದರು. ಆ ನಡಿಗೆಯ ದಾರಿಗಳ ನಕ್ಷೆ ಯಾವ ಪಠ್ಯದಲ್ಲೂ ಇಲ್ಲ. ವಯಸ್ಸಾದ ದನಗಾಹಿಗಳ ಜೊತೆ ಕೂತು, ಹಳೆಯ ಕಾವಲಿನ ಹೆಸರುಗಳನ್ನು ಒಂದೊಂದಾಗಿ ಕೇಳಿ, ಭೂಪಟದ ಮೇಲೆ ಗುರುತಿಸುವ ಕೆಲಸ ಒಂದು ಒಳ್ಳೆಯ ಪಿಎಚ್.ಡಿ.ಗೆ ಸಾಕಾದಷ್ಟಿದೆ.

ದನ ನೋಡುವ ಕಣ್ಣು ಇನ್ನೊಂದು ಶಾಸ್ತ್ರ. ಹಲ್ಲು ನೋಡಿ ವಯಸ್ಸು ಹೇಳುವುದು (ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು), ಸುಳಿ ನೋಡಿ ಗುಣ ಹೇಳುವುದು, ಗೊರಸು, ಕೊಂಬು, ಗಂಗೆದೊಗಲು ನೋಡಿ ದುಡಿಮೆ ಅಳೆಯುವುದು. ಇವುಗಳಲ್ಲಿ ಹಲ್ಲಿನ ಲೆಕ್ಕ ಪಶುವೈದ್ಯರೂ ಒಪ್ಪುವ ವಿಜ್ಞಾನ. ಸುಳಿಯ ಫಲ ನಂಬಿಕೆ. ಒಳ್ಳೆಯ ಅಧ್ಯಯನ ಎರಡನ್ನೂ ದಾಖಲಿಸುತ್ತದೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಚಪ್ಪೆ ರೋಗ, ಗಳಲೆ ರೋಗ, ಕಾಲುಬಾಯಿ ಜ್ವರ ಎಂಬ ರೈತರ ಹೆಸರುಗಳು ಲಕ್ಷಣ ನೋಡಿ ಇಟ್ಟವು. ಇವನ್ನು ಅರಿಯದ ಪಶುವೈದ್ಯ ಹಳ್ಳಿಯಲ್ಲಿ ಕೆಲಸ ಮಾಡಲಾರ.

ಅಜ್ಜಂಪುರದಲ್ಲಿ ಪಶುಪಾಲನಾ ಇಲಾಖೆಯ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ. ಅಲ್ಲಿ ಹೋರಿಗರುಗಳ ಹರಾಜು ನಡೆದಾಗ ಉತ್ತರ ಕರ್ನಾಟಕದ ಕಡೆಯಿಂದಲೂ ರೈತರು ಬರುತ್ತಾರೆ. ಟ್ರ್ಯಾಕ್ಟರ್ ಬಂದ ಮೇಲೂ ಇಷ್ಟು ದೂರದಿಂದ ಬಂದು ಹಣ ಸುರಿಯುವವರ ಮನಸ್ಸಿನಲ್ಲಿ ಏನಿದೆ ಎಂದು ಕೇಳುವ ಸಮಾಜಶಾಸ್ತ್ರ ನಮಗೆ ಬೇಕು. ಅಂತರಘಟ್ಟೆಯ ಅಮ್ಮನ ಜಾತ್ರೆಗೆ ಎತ್ತು ಸಿಂಗರಿಸಿ ಪಾನಕದ ಗಾಡಿ ಹೊಡೆದುಕೊಂಡು ಹೋಗುವವರನ್ನು ಕೇಳಿದರೆ ಉತ್ತರದ ಒಂದು ಪಾಲು ಸಿಕ್ಕೀತು. ಕಾವಲುಗಳಂತೂ ವರ್ಷ ವರ್ಷಕ್ಕೆ ಕರಗಿವೆ: ಸಾಗುವಳಿ, ನೆಡುತೋಪು, ಯೋಜನೆಗಳು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಒಂದು ಸಮಾಧಾನ.

ವೇದಾ, ಅವತಿ ಮತ್ತು ಎರಡು ಕೆರೆಗಳು

ಬಾಬಾಬುಡನ್ ಗಿರಿಯ ಪೂರ್ವದ ಇಳಿಜಾರಿನಿಂದ ವೇದಾ, ಅವತಿ ಎಂಬ ಎರಡು ಹೊಳೆಗಳು ಇಳಿಯುತ್ತವೆ. ಒಂದಕ್ಕೆ ಸಖರಾಯಪಟ್ಟಣದ ಬಳಿ ಅಯ್ಯನಕೆರೆ, ಇನ್ನೊಂದಕ್ಕೆ ಎಮ್ಮೆದೊಡ್ಡಿ ಕಡೆ ಮದಗದ ಕೆರೆ. ಎರಡೂ ಕೆಳಗೆ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರ ಸೇರುತ್ತವೆ. ಗಿರಿಯ ಮಳೆಯನ್ನು ಮಳೆನೆರಳಿನ ಬಯಲಿಗೆ ಹಿಡಿದಿಡುವ ಈ ಏರ್ಪಾಡು ನೂರಾರು ವರ್ಷ ಹಳೆಯದು. ತೂಬು ಎತ್ತುವುದು, ಸರದಿಯಲ್ಲಿ ಗದ್ದೆಗೆ ನೀರು ಬಿಡುವುದು, ಬರದ ವರ್ಷ ಯಾರಿಗೆ ಎಷ್ಟು ಕಡಿತ ಎಂದು ತೀರ್ಮಾನಿಸುವುದು ನೀರುಗಂಟಿಯ ಕೆಲಸವಾಗಿತ್ತು. ನೀರಾವರಿ ಎಂಜಿನಿಯರಿಂಗ್ ಓದುವವರು ಕಾಲುವೆಯ ಅಳತೆ ಕಲಿಯುತ್ತಾರೆ. ನೀರು ಕಡಿಮೆಯಾದಾಗ ಜಗಳವಾಗದಂತೆ ಹಂಚುವ ಬಗೆಯನ್ನು ನೀರುಗಂಟಿಯಿಂದ ಕಲಿಯಬೇಕು.

ಮದಗದ ಕೆರೆಗೆ ಮಾಯದ ಮಳೆ ಬಂದ ಪದವನ್ನು ಕರ್ನಾಟಕವೆಲ್ಲ ಹಾಡುತ್ತದೆ. ಅದು ತಮ್ಮ ಕೆರೆಯದೆಂದು ಕಡೂರಿನವರೂ, ಮದಗ ಮಾಸೂರಿನ ಕೆರೆಯದೆಂದು ಹಾವೇರಿ ಕಡೆಯವರೂ ಹೇಳುತ್ತಾರೆ. ಯಾರದು ಸರಿ ಎಂಬುದಕ್ಕಿಂತ, ಒಂದು ಕೆರೆ ತುಂಬುವುದು ಹಾಡಾಗುವಷ್ಟು ದೊಡ್ಡ ಘಟನೆಯಾಗಿದ್ದ ಬದುಕನ್ನು ಅರಿಯುವುದೇ ಮುಖ್ಯ. ಬಿತ್ತನೆಯ ಲೆಕ್ಕವೂ ಇದೇ ಬದುಕಿನದು: ಭರಣಿ, ಕೃತ್ತಿಕೆ, ರೋಹಿಣಿ ಎಂದು ಸುಮಾರು 13–14 ದಿನಕ್ಕೊಂದು ಮಳೆಯ ಹೆಸರು, ಒಂದೊಂದು ಮಳೆಗೂ ಹೊಂದುವ ಬೆಳೆ. ಈ ಲೆಕ್ಕವನ್ನು ಮಳೆಮಾಪನ ಕೇಂದ್ರಗಳ ಹಳೆಯ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದರೆ ಎಲ್ಲಿ ಇನ್ನೂ ಹೊಂದುತ್ತದೆ, ಹವಾಮಾನ ಬದಲಾಗಿ ಎಲ್ಲಿ ತಪ್ಪುತ್ತಿದೆ ಎಂದು ಕಾಣುತ್ತದೆ. ಪ್ರಥಮ ದರ್ಜೆ ಕಾಲೇಜಿನ ಭೂಗೋಳ ವಿದ್ಯಾರ್ಥಿಗಳೇ ಮಾಡಬಹುದಾದ ಕೆಲಸ ಇದು.

ಹಟ್ಟಿ, ತಾಂಡಾ, ಕಾರ್ಣಿಕ

ಈ ಬಯಲಿನಲ್ಲಿ ಗೊಲ್ಲರ ಹಟ್ಟಿಗಳಿವೆ, ಲಂಬಾಣಿ ತಾಂಡಾಗಳಿವೆ. ಕಾಡುಗೊಲ್ಲರು ಜುಂಜಪ್ಪ, ಎತ್ತಪ್ಪ ಮೊದಲಾದ ತಮ್ಮ ವೀರರ ಕಾವ್ಯಗಳನ್ನು ತಲೆಮಾರುಗಳಿಂದ ಬಾಯಲ್ಲೇ ಉಳಿಸಿಕೊಂಡವರು. ಜುಂಜಪ್ಪನ ಪದಕ್ಕೆ ಗಣೆ ಎಂಬ ಉದ್ದದ ಬಿದಿರು ಕೊಳಲು ಬೇಕೇ ಬೇಕು. ಕಾಡುಗೊಲ್ಲರ ಸಂಪ್ರದಾಯ, ನಂಬಿಕೆಗಳ ಮೇಲೆ ತೀ.ನಂ. ಶಂಕರನಾರಾಯಣ ಅವರು ಮಾಡಿದ ಕೆಲಸ ಕನ್ನಡದಲ್ಲಿ ಇಂಥ ಅಧ್ಯಯನಗಳಿಗೆ ದಾರಿ ಮಾಡಿತು. ತಾಂಡಾಗಳ ಮಾತು ಗೋರ್‌ಬೋಲಿ. ಅದಕ್ಕೆ ತನ್ನದೇ ಲಿಪಿ ಇಲ್ಲದೆ ನಮ್ಮಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ನಾಯಕ್, ಕಾರಭಾರಿ, ಡಾವ್ ಕೂತು ನ್ಯಾಯ ತೀರಿಸುವ ತಾಂಡಾದ ಪದ್ಧತಿಯನ್ನು ಕಾನೂನು ವಿದ್ಯಾರ್ಥಿಗಳು ಓದಬೇಕು.

ಬೀರೂರಿನ ಮೈಲಾರಲಿಂಗಸ್ವಾಮಿಯ ಕಾರ್ಣಿಕ ದಸರೆಯ ಹೊತ್ತಿನಲ್ಲಿ ನಡೆಯುತ್ತದೆ. ಗೊರವಯ್ಯ ನುಡಿಯುವ ಒಂದೆರಡು ಸಾಲನ್ನು ಸಾವಿರಾರು ಜನ ಉಸಿರು ಬಿಗಿಹಿಡಿದು ಕೇಳಿ, ಆ ವರ್ಷದ ಮಳೆ ಬೆಳೆಗೂ ರಾಜಕಾರಣಕ್ಕೂ ಹೊಂದಿಸಿ ಅರ್ಥ ಮಾಡಿಕೊಳ್ಳುತ್ತಾರೆ. ಭವಿಷ್ಯ ನಿಜವಾಯಿತೇ ಎಂದು ಪತ್ರಿಕೆಗಳು ಕೇಳುತ್ತವೆ. ವಿದ್ಯಾರ್ಥಿ ಕೇಳಬೇಕಾದದ್ದು ಬೇರೆ: ಒಂದೇ ನುಡಿಯನ್ನು ರೈತ, ವ್ಯಾಪಾರಿ, ರಾಜಕಾರಣಿ ಹೇಗೆ ಬೇರೆ ಬೇರೆಯಾಗಿ ಬಿಡಿಸುತ್ತಾರೆ? ವರ್ಷ ವರ್ಷದ ನುಡಿಗಳನ್ನು ಅವುಗಳ ಅರ್ಥಗಳ ಸಮೇತ ಸಾಲಾಗಿ ಇಟ್ಟರೆ ಈ ಬಯಲಿನ ಆಸೆ, ಅಂಜಿಕೆಗಳ ಚರಿತ್ರೆಯೇ ಆದೀತು.

ಬಾಯಿಪಾಠ ಒಂದು ಕಡೆ, ಬರಹ ಇನ್ನೊಂದು ಕಡೆ ಎಂದು ಬೇಲಿ ಹಾಕಲೂ ಆಗದು. ಜೈಮಿನಿ ಭಾರತದ ಲಕ್ಷ್ಮೀಶನ ದೇವನೂರು ಇದೇ ಕಡೂರು ತಾಲ್ಲೂಕಿನದು. ಆ ಕಾವ್ಯವನ್ನು ಎಷ್ಟೋ ಹಳ್ಳಿಗರು ಕಣ್ಣಿನಿಂದಲ್ಲ, ಕಿವಿಯಿಂದ ಓದಿದರು. ಇತ್ತ ತರೀಕೆರೆ ಏರಿಯ ಕರಿ ಕುರಿಮರಿಗಳ ನಾಲಿಗೆ ತೊಡಕಿನ ಮಾತನ್ನು ಹೇಳಿ ನಗದ ಕನ್ನಡದ ಮಗುವಿಲ್ಲ.

ಕುಲಶಾಸ್ತ್ರೀಯ ಅಧ್ಯಯನದ ಭಾರ

ಸರ್ಕಾರದ ಪಟ್ಟಿಯಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ, ಹಕ್ಕಿಪಿಕ್ಕಿಗಳು ಪರಿಶಿಷ್ಟ ಪಂಗಡ. ಹಿಂದುಳಿದ ವರ್ಗದಲ್ಲಿರುವ ಕಾಡುಗೊಲ್ಲರು ಪರಿಶಿಷ್ಟ ಪಂಗಡಕ್ಕೆ ಸೇರಲು ಬಹುಕಾಲದಿಂದ ಕೇಳುತ್ತಿದ್ದಾರೆ. ಇಂಥ ಬೇಡಿಕೆ ಎದ್ದಾಗ ಸರ್ಕಾರ ಕುಲಶಾಸ್ತ್ರೀಯ ಅಧ್ಯಯನ ಮಾಡಿಸುತ್ತದೆ. ಆಗ ಸಂಶೋಧಕ ಬರೆದ ಒಂದು ವಾಕ್ಯ ಒಂದು ಸಮುದಾಯದ ಮಕ್ಕಳ ಸೀಟು, ನೌಕರಿಗಳನ್ನು ಮುಟ್ಟುತ್ತದೆ. ಹಟ್ಟಿಯ ಸೂತಕದ ಆಚರಣೆಗಳಂಥ ವಿಷಯ ಬಂದಾಗಲಂತೂ ಬರೆಯುವವರ ಮೇಲೆ ಎರಡು ಹೊಣೆ ಬೀಳುತ್ತದೆ. ಮುಟ್ಟಾದ, ಹಡೆದ ಹೆಣ್ಣುಮಕ್ಕಳನ್ನು ಹಟ್ಟಿಯಾಚೆ ಇರಿಸುವ ಪದ್ಧತಿ ಅವರ ಜೀವಕ್ಕೆ ಕುತ್ತು ತರಬಲ್ಲದು ಎಂಬುದನ್ನು ಸಂಸ್ಕೃತಿಯ ಹೆಸರಿನಲ್ಲಿ ಮುಚ್ಚಿಡಬಾರದು. ಅದೊಂದನ್ನೇ ಹಿಡಿದು ಇಡೀ ಜನರನ್ನು ಹೀಗಳೆಯಲೂ ಬಾರದು. ಆ ಹಟ್ಟಿಗಳಿಂದಲೇ ಓದಿ ಬಂದ ಹೆಣ್ಣುಮಕ್ಕಳು ಈ ಅಧ್ಯಯನಗಳನ್ನು ಬರೆಯಬೇಕು.

ಗಿಡಮೂಲಿಕೆ ಮತ್ತು ಹಕ್ಕು

ಕುವೆಂಪು ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು ಭದ್ರಾ ಅಭಯಾರಣ್ಯದ ಜನ ಬಳಸುವ ಸಸ್ಯಗಳ ಕುರಿತು ಬರೆದ ಲೇಖನ 2004ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಟ್ರೆಡಿಷನಲ್ ನಾಲೆಡ್ಜ್’ನಲ್ಲಿ ಬಂತು. ಅದಕ್ಕೆ ಸ್ವಲ್ಪ ಮೊದಲು, 2002ರ ಹೊತ್ತಿಗೆ, ಅಭಯಾರಣ್ಯದೊಳಗಿನ ಹಳ್ಳಿಗಳು ಹೊರಬಂದಿದ್ದವು. ಬಹಳ ಮನೆಗಳು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದವು. ಕಾಡು ಬಿಟ್ಟವರಿಗೆ ಗದ್ದೆ, ಶಾಲೆ, ರಸ್ತೆ ಸಿಕ್ಕಿತು. ಕಾಡಿನ ಗಿಡಗಳ ಪರಿಚಯ ಮುಂದಿನ ತಲೆಮಾರಿಗೆ ದಾಟುವ ದಾರಿ ಮಾತ್ರ ಕಡಿದುಹೋಯಿತು. ಇಂಥ ಕಡೆ ದಾಖಲಾತಿ ತಡವಾದಷ್ಟೂ ನಷ್ಟ.

ದಾಖಲಿಸಿದ ಅರಿವಿನ ಒಡೆಯರು ಯಾರು ಎಂಬುದು ಕಠಿಣ ಪ್ರಶ್ನೆ. ಕೇರಳದ ಅಗಸ್ತ್ಯ ಬೆಟ್ಟಗಳಲ್ಲಿ 1987ರಲ್ಲಿ ಕಾಣಿ ಜನ ವಿಜ್ಞಾನಿಗಳಿಗೆ ಆರೋಗ್ಯಪಚ್ಚ ಎಂಬ ಗಿಡ ತೋರಿಸಿದರು. ಅದರಿಂದ ಜೀವನಿ ಎಂಬ ಔಷಧ ತಯಾರಾಗಿ 1995ರಲ್ಲಿ ಪರವಾನಗಿ ಕೊಟ್ಟಾಗ, ಬಂದ ಹಣದ ಅರ್ಧ ಪಾಲು ಕಾಣಿಗಳಿಗೆ ಎಂದು ತೀರ್ಮಾನವಾಯಿತು. 2002ರ ಜೀವವೈವಿಧ್ಯ ಕಾಯ್ದೆ ಈ ಬಗೆಯ ಲಾಭ ಹಂಚಿಕೆಯನ್ನು ಕಾನೂನಾಗಿಸಿತು. ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕೆಂದಿತು. 2023ರ ತಿದ್ದುಪಡಿ ಗ್ರಂಥಸ್ಥ ಜ್ಞಾನವನ್ನು ಲಾಭ ಹಂಚಿಕೆಯಿಂದ ಹೊರಗಿಟ್ಟಿದೆ. ಹಾಗಾಗಿ ನಾಟಿ ವೈದ್ಯರೊಬ್ಬರು ಹೇಳಿದ್ದನ್ನು ಬರೆದುಕೊಳ್ಳುವಾಗ ಯಾರು, ಯಾವ ಊರು, ಯಾವ ಷರತ್ತಿನ ಮೇಲೆ ಹೇಳಿದರು ಎಂಬುದನ್ನು ಬಿಡದೆ ದಾಖಲಿಸಬೇಕು. ಹೇಳಬೇಡಿ ಎಂದದ್ದನ್ನು ಅಚ್ಚು ಮಾಡಬಾರದು.

ಬೇರೆ ನಾಡುಗಳ ಅನುಭವ

ಕೆನಡಾದ ಟ್ರೆಂಟ್ ವಿಶ್ವವಿದ್ಯಾಲಯ 1969ರಲ್ಲೇ ಮೂಲನಿವಾಸಿ ಅಧ್ಯಯನಕ್ಕೆ ವಿಭಾಗ ತೆರೆಯಿತು. ನಾರ್ವೆಯ ಕೌಟೊಕೇನೊದಲ್ಲಿ 1989ರಿಂದ ಸಾಮಿ ಜನರದೇ ಕಾಲೇಜು ಇದೆ; ಹಿಮಸಾರಂಗ ಸಾಕಣೆ ಅಲ್ಲಿ ಪದವಿ ಮಟ್ಟದ ವಿಷಯ. ಅಜ್ಜಂಪುರದ ಕಾವಲಿನ ಎದುರು ನಿಂತು ಇದನ್ನು ನೆನೆದರೆ ಆಸೆ ಹುಟ್ಟುತ್ತದೆ. ಮಾವೊರಿ ವಿದ್ವಾಂಸೆ ಲಿಂಡಾ ತುಹಿವಾಯಿ ಸ್ಮಿತ್ 1999ರಲ್ಲಿ ಪ್ರಕಟಿಸಿದ ‘ಡಿಕಾಲೊನೈಸಿಂಗ್ ಮೆಥಡಾಲಜೀಸ್’ ಸಂಶೋಧನೆ ಯಾರಿಗಾಗಿ, ಯಾರ ಲಾಭಕ್ಕಾಗಿ ಎಂಬ ಪ್ರಶ್ನೆಯನ್ನು ಲೋಕದ ಮುಂದಿಟ್ಟಿತು. ನಮ್ಮಲ್ಲಿ ಅಮರಕಂಟಕದ ಇಂದಿರಾ ಗಾಂಧಿ ರಾಷ್ಟ್ರೀಯ ಬುಡಕಟ್ಟು ವಿಶ್ವವಿದ್ಯಾಲಯ 2007ರ ಕಾಯ್ದೆಯಿಂದ ಹುಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಭಾರತೀಯ ಜ್ಞಾನ ಪರಂಪರೆಯ ಪತ್ರಿಕೆಗಳು ದೇಶದ ಹಲವೆಡೆ ಪದವಿ ತರಗತಿಗೆ ಬಂದಿವೆ. ಅವು ಸಂಸ್ಕೃತ ಗ್ರಂಥಗಳಲ್ಲೇ ನಿಂತುಬಿಟ್ಟರೆ ಈ ಬಯಲಿನ ಮಕ್ಕಳಿಗೆ ಅನ್ಯಾಯವಾಗುತ್ತದೆ. ನೀರುಗಂಟಿಯದೂ ಭಾರತೀಯ ಜ್ಞಾನವೇ.

ಓದಲು ಹೊರಟವರಿಗೆ

ಈ ಮೂರು ತಾಲ್ಲೂಕುಗಳ ವಿದ್ಯಾರ್ಥಿ ಪದವಿಯ ನಂತರ ಶಂಕರಘಟ್ಟದಲ್ಲಿ ಕನ್ನಡ, ಸಮಾಜಶಾಸ್ತ್ರ ಅಥವಾ ಸಸ್ಯಶಾಸ್ತ್ರ ಹಿಡಿಯಬಹುದು. ಜಾನಪದವನ್ನೇ ಮುಖ್ಯವಾಗಿ ಓದಬೇಕೆಂದರೆ ಮೈಸೂರು, ಗೊಟಗೋಡಿ. ಬುಡಕಟ್ಟು ಅಧ್ಯಯನಕ್ಕೆ ಹಂಪಿ. ಮೈಸೂರಿನಲ್ಲಿ ರಾಜ್ಯ ಬುಡಕಟ್ಟು ಸಂಶೋಧನಾ ಸಂಸ್ಥೆಯೂ ಇದೆ. ಎಲ್ಲಿಗೆ ಹೋದರೂ ಕ್ಷೇತ್ರಕಾರ್ಯಕ್ಕೆ ಸ್ವಂತ ಊರನ್ನು ಆರಿಸಿಕೊಳ್ಳುವುದು ಒಳ್ಳೆಯದು. ಗೋರ್‌ಬೋಲಿ ಬಲ್ಲ ತಾಂಡಾದ ಮಗಳಿಗೆ ಸಿಗುವ ಉತ್ತರ ಹೊರಗಿನ ಪ್ರಾಧ್ಯಾಪಕರಿಗೆ ಸಿಗದು.

ಮಾರ್ಗದರ್ಶಕರನ್ನು ಕೇಳುವಾಗ ಎರಡು ವಿಭಾಗದವರನ್ನು ಕೇಳಿ: ಕನ್ನಡದವರೊಬ್ಬರು, ಸಸ್ಯ ಅಥವಾ ಪಶು ವಿಜ್ಞಾನದವರೊಬ್ಬರು. ವಕ್ತೃಗಳ ಹೆಸರನ್ನು, ಅವರು ಒಪ್ಪಿದರೆ, ಪ್ರಬಂಧದ ಕೊನೆಯ ಅನುಬಂಧಕ್ಕೆ ತಳ್ಳದೆ ಮೊದಲ ಪುಟಗಳಲ್ಲೇ ಹಾಕಿ. ಧ್ವನಿಮುದ್ರಣದ ಒಂದು ಪ್ರತಿ ಹಾಡಿದವರ ಮನೆಗೆ, ಒಂದು ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಕೊಡಬೇಕು. ಪ್ರಬಂಧ ಒಪ್ಪಿಸುವ ಮುನ್ನ ಅದರ ಸಾರವನ್ನು ಅದೇ ಹಟ್ಟಿಯ ಕಟ್ಟೆಯ ಮೇಲೆ ಕನ್ನಡದಲ್ಲಿ ಓದಿ ಹೇಳಿ. ಅಲ್ಲಿ ಎದ್ದ ಆಕ್ಷೇಪಗಳು ಪ್ರಬಂಧದ ಒಂದು ಅಧ್ಯಾಯವಾಗಬೇಕು.